ಎಡಕಲ್ಲಿನ ಕೆತ್ತನೆಗೆ ಕಾರ್ಬನ್ ಪರೀಕ್ಷೆ ಆಗಿದೆಯಾ?

ಪ್ರಶ್ನೆ: ಶಿರಸಿಯಿಂದ ಮನೆಮಂದಿಯೆಲ್ಲ ವಯನಾಡಿನ ಎಡಕಲ್ಲು ಗುಹೆ ನೋಡಲು ಹೊರಟಿದ್ದೇವೆ. ಅಲ್ಲಿನ ಕೆತ್ತನೆ 8000 ವರ್ಷ ಹಳೆಯದು ಅಂತ ಕಾರ್ಬನ್ ಪರೀಕ್ಷೆಯಲ್ಲಿ ಸಾಬೀತಾಗಿದೆಯಂತೆ, ಹೌದಾ?

ಇಲ್ಲ. ಎಷ್ಟು ಸಲ ಬರೆದರೂ ಅಲ್ಲಿಗೆ ಹೋಗಿ ಬಂದವರು ಇದೇ ಮಾತು ಹೊತ್ತು ತರುತ್ತಾರೆ. ಈ ಸಲ ನಿಧಾನಕ್ಕೆ ಹೇಳುತ್ತೇನೆ, ಕೇಳಿ.

ಕಾರ್ಬನ್ ಪರೀಕ್ಷೆಗೆ ಒಂದು ಕಾಲಕ್ಕೆ ಜೀವ ಇದ್ದ ವಸ್ತು ಬೇಕು. ಮರ, ಇದ್ದಿಲು, ಮೂಳೆ, ಭತ್ತದ ಕಾಳು, ಇಂಥದ್ದು. ಜೀವ ಹೋದ ಮೇಲೆ ಅದರೊಳಗಿನ ಕಾರ್ಬನ್-14 ಕಡಿಮೆಯಾಗುತ್ತಾ ಹೋಗುತ್ತದೆ, ಸುಮಾರು 5730 ವರ್ಷಕ್ಕೆ ಅರ್ಧ ಆಗುತ್ತದೆ, ಉಳಿದದ್ದನ್ನು ಅಳೆದು ವಯಸ್ಸು ಹೇಳುತ್ತಾರೆ. ಬಂಡೆಗೆ ಜೀವ ಎಲ್ಲಿತ್ತು? ಅದೂ ಕೆತ್ತನೆ ಅಂದರೆ ಕಲ್ಲನ್ನು ತೆಗೆದದ್ದು, ಮೇಲೆ ಏನನ್ನೂ ಹಚ್ಚಿದ್ದಲ್ಲ. ಇದ್ದಿಲಲ್ಲಿ ಬರೆದ ಚಿತ್ರ ಆಗಿದ್ದರೆ ಆ ಇದ್ದಿಲನ್ನಾದರೂ ಪರೀಕ್ಷೆಗೆ ಕಳಿಸಬಹುದಿತ್ತು. ಬರೀ ಗೆರೆಯಿಂದ ಏನು ಕಳಿಸುತ್ತೀರಿ? ಬಂಡೆಯ ವಯಸ್ಸು ಗೊತ್ತಾದರೂ ಪ್ರಯೋಜನ ಇಲ್ಲ. ಅಜ್ಜ ಕಟ್ಟಿಸಿದ ಚಿರೆಕಲ್ಲಿನ ಗೋಡೆ ಮೇಲೆ ಮೊಮ್ಮಗ ಮೊಳೆಯಲ್ಲಿ ಹೆಸರು ಗೀಚಿದರೆ, ಗೋಡೆಗೆ ಆದಷ್ಟೇ ವಯಸ್ಸು ಹೆಸರಿಗೂ ಆಯಿತಾ?

ಹಾಗಾದರೆ ಕಾಲ ಹೇಳುವುದು ಹೇಗೆ? ಚಿತ್ರಗಳ ಆಕಾರ, ಕೆತ್ತಿದ ರೀತಿ, ಸುತ್ತಮುತ್ತ ಸಿಕ್ಕ ಕಲ್ಲಿನ ಆಯುಧ, ಇವನ್ನೆಲ್ಲ ನೋಡಿ ನವಶಿಲಾಯುಗದ್ದಿರಬಹುದು ಅಂತ ಅಂದಾಜು ಮಾಡಿದ್ದಾರೆ. 1890ರ ದಶಕದಲ್ಲಿ ಮಲಬಾರಿನ ಪೊಲೀಸ್ ಅಧಿಕಾರಿ ಫ್ರೆಡ್ ಫಾಸೆಟ್ ಇದನ್ನು ಹೊರಜಗತ್ತಿಗೆ ತಿಳಿಸಿದರು. ಅದೇ ಗೋಡೆಯಲ್ಲಿ ಬ್ರಾಹ್ಮಿ ಅಕ್ಷರಗಳೂ ಇವೆ, ಅವು ತುಂಬಾ ಈಚಿನವು. ಬನವಾಸಿಯ ಶಾಸನಗಳ ಹಾಗೆ ಅಕ್ಷರದ ರೂಪ ನೋಡಿಯೇ ಅವುಗಳ ಕಾಲ ಹೇಳಬಹುದು. ಒಂದೇ ಗೋಡೆ, ಬೇರೆ ಬೇರೆ ಕಾಲದ ಕೈಗಳು. ಇಡೀ ಗೋಡೆಗೆ ಒಂದೇ ವರ್ಷ ಅಂಟಿಸಿದರೆ ಇದೇ ಕಾಣದೆ ಹೋಗುತ್ತದೆ, ನನಗೆ ಬೇಜಾರು ಅದಕ್ಕೆ.

ಅಲ್ಲಿ ಹೋದಾಗ ಅವಸರ ಮಾಡಬೇಡಿ. ನಿಜಕ್ಕೂ ಅದು ಗುಹೆ ಅಲ್ಲ, ಬಂಡೆ ಸೀಳಿ ಆದ ಸಂದು, ಮೇಲೆ ದೊಡ್ಡ ಕಲ್ಲು ಸಿಕ್ಕಿಕೊಂಡಿದೆ. ಬೆಳಕು ಮೇಲಿನ ಬಿರುಕಿನಿಂದ ಬರುತ್ತದೆ. ಮೊದಲು ಕಾಣುವುದು ಬರೀ ಗೆರೆಗಳ ಸಿಕ್ಕು. ಸ್ವಲ್ಪ ನಿಂತರೆ ಕೈ ಎತ್ತಿದ ಮನುಷ್ಯ, ಅವನ ತಲೆ ಮೇಲಿನ ದೊಡ್ಡ ಅಲಂಕಾರ, ಪಕ್ಕದಲ್ಲಿ ಚಕ್ರ, ಒಂದೊಂದಾಗಿ ಬಿಡಿಸಿಕೊಳ್ಳುತ್ತವೆ.

ಇನ್ನು ಕಾರವಾರದವರು ಯಾರೂ ಕೇಳದ ಒಂದು ಮಾತು. ಇಂಥದ್ದನ್ನು ನೋಡಲು ಕೇರಳಕ್ಕೇ ಹೋಗಬೇಕೆಂದಿಲ್ಲ. ಕಾಳಿ ಸೇತುವೆ ದಾಟಿ ಗೋವಾದ ರಿವಣದ ಕಡೆ ಹೋದರೆ ಉಸಗಾಳಿಮಳ ಸಿಗುತ್ತದೆ. ಕುಶಾವತಿ ಹೊಳೆಯ ದಂಡೆಯ ಚಿರೆಕಲ್ಲಿನ ಹಾಸಿನ ಮೇಲೆ ಗೂಳಿ, ನವಿಲು, ಸುತ್ತುಸುತ್ತಾದ ಚಕ್ರವ್ಯೂಹದಂಥ ಗೆರೆಗಳಿವೆ. ಹೊರಗಿನವರಿಗೆ ಗೊತ್ತಾಗಿದ್ದು 1993ರಲ್ಲಿ. ಬಯಲಲ್ಲಿರುವುದರಿಂದ ಮಳೆಗಾಲ ಬಿಟ್ಟು, ಬೆಳಗ್ಗೆ ಇಲ್ಲವೇ ಸಂಜೆ ಹೋಗಿ. ಓರೆ ಬಿಸಿಲಿಗೆ ಗೆರೆಯಲ್ಲಿ ನೆರಳು ಬಿದ್ದು ಚಿತ್ರ ಎದ್ದು ಕಾಣುತ್ತದೆ. ಫೋಟೊ ಚೆನ್ನಾಗಿ ಬರಲಿ ಅಂತ ಚಾಕ್‌ಪೀಸ್ ಮಾತ್ರ ಹಚ್ಚಬೇಡಿ. ಅದರ ಪುಡಿ ಗೆರೆಯೊಳಗೆ ಕೂತರೆ ಮುಂದೆ ಕಲ್ಲಿನ ಮೇಲ್ಪದರವನ್ನು ಪರೀಕ್ಷಿಸುವವರಿಗೆ ತೊಂದರೆ.

ಎಡಕಲ್ಲಿಗೆ ಸೋಮವಾರ ರಜೆ. ಬಂಡೀಪುರದ ದಾರಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಬಂದ್, ಅದನ್ನು ನೋಡಿಕೊಂಡು ಹೊರಡಿ.