ರೇಡಿಯೋಗೆ ‘ಟ್ರಾನ್ಸಿಸ್ಟರ್’ ಅನ್ನೋ ಹೆಸರು ಬಂದದ್ದು ಹೇಗೆ?

ಪ್ರಶ್ನೆ: ನಮ್ಮ ತಾತ ರೇಡಿಯೋವನ್ನು ‘ಟ್ರಾನ್ಸಿಸ್ಟರ್’ ಅಂತಲೇ ಕರೆಯುತ್ತಾರೆ. ಶಾಲೆಯಲ್ಲಿ ಮೇಷ್ಟ್ರು ಅದು ಒಂದು ಚಿಕ್ಕ ಬಿಡಿಭಾಗ ಅಂದರು. ಯಾರು ಹೇಳೋದು ಸರಿ?

ಇಬ್ಬರೂ ಹೇಳೋದು ಸರಿಯೇ. ಮೊದಲು ಬಂದದ್ದು ಬಿಡಿಭಾಗ. ಆಮೇಲೆ ಅದರ ಹೆಸರು ಇಡೀ ಪೆಟ್ಟಿಗೆಗೆ ಅಂಟಿಕೊಂಡಿತು.

ಅದಕ್ಕೂ ಹಿಂದೆ ಇದ್ದದ್ದು ವಾಲ್ವ್ ರೇಡಿಯೋ. ದೊಡ್ಡ ಮರದ ಪೆಟ್ಟಿಗೆ, ಇಟ್ಟ ಜಾಗ ಬಿಟ್ಟು ಅಲ್ಲಾಡದು. ಗುಂಡಿ ತಿರುಗಿಸಿದ ಕೂಡಲೇ ದನಿ ಬರುತ್ತಿರಲಿಲ್ಲ. ಒಳಗಿನ ಗಾಜಿನ ವಾಲ್ವುಗಳು ಬಿಸಿಯೇರಿ ಕೆಂಪಗೆ ಹೊಳೆಯುವ ತನಕ ಕಾಯಬೇಕು. ಏರಿಯಲ್‌ಗೆ ಸಿಗುವ ಸಿಗ್ನಲ್ ತೀರಾ ಸಣ್ಣದು. ಅದನ್ನು ಸ್ಪೀಕರ್ ಅಲುಗಿಸುವಷ್ಟು ಹಿಗ್ಗಿಸೋದು ಈ ವಾಲ್ವುಗಳ ಕೆಲಸ. ಅದಕ್ಕೆ ಒಳಗಿನ ತಂತಿ ಬಿಸಿಯಾಗಿಯೇ ಇರಬೇಕು, ವೋಲ್ಟೇಜೂ ಜಾಸ್ತಿ ಬೇಕು.

1947ರ ಡಿಸೆಂಬರ್ 16. ಅಮೆರಿಕದ ನ್ಯೂಜೆರ್ಸಿಯ ಬೆಲ್ ಲ್ಯಾಬ್ಸ್ ಅನ್ನೋ ಸಂಶೋಧನಾಲಯ. ವಿಜ್ಞಾನಿಗಳಾದ ಜಾನ್ ಬಾರ್ಡೀನ್ ಮತ್ತು ವಾಲ್ಟರ್ ಬ್ರಾಟೇನ್ ಮುಂದೆ ಇದ್ದ ಸಾಮಾನು ನೋಡಿದರೆ ಯಾರಿಗಾದರೂ ಆಶ್ಚರ್ಯವಾಗಬೇಕು. ಜರ್ಮೇನಿಯಂ ಅನ್ನೋ ಮೂಲವಸ್ತುವಿನ ಒಂದು ಚೂರು. ಮುಕ್ಕೋನದ ಪ್ಲಾಸ್ಟಿಕ್ ತುಂಡು, ಅದರ ಅಂಚಿಗೆ ಸುತ್ತಿದ ಚಿನ್ನದ ಹಾಳೆ. ಆ ಹಾಳೆಯನ್ನು ತುದಿಯಲ್ಲಿ ಬ್ಲೇಡಿನಿಂದ ಕೊಯ್ದು ಎರಡು ಮಾಡಿದ್ದರು. ನಡುವಿನ ಸಂದು ಒಂದು ಕೂದಲೆಳೆಯಷ್ಟು. ಸ್ಪ್ರಿಂಗ್ ಹಾಕಿ ಅದನ್ನು ಜರ್ಮೇನಿಯಂ ಮೇಲೆ ಒತ್ತಿ ಹಿಡಿದರು. ಒಂದು ಕಡೆಯಿಂದ ಕೊಟ್ಟ ಸಣ್ಣ ಸಿಗ್ನಲ್ ಇನ್ನೊಂದು ಕಡೆ ದೊಡ್ಡದಾಗಿ ಬಂತು. ಗಾಜಿಲ್ಲ, ಬಿಸಿಯಾಗುವ ತಂತಿ ಇಲ್ಲ! ಇದೇ ಮೊದಲ ಟ್ರಾನ್ಸಿಸ್ಟರ್.

ಕೆರೆಯ ತೂಬು ನೋಡಿದ್ದೀರಲ್ವಾ? ಒಬ್ಬ ನೀರುಗಂಟಿ ತೂಬನ್ನು ಒಂದಿಷ್ಟು ಎತ್ತಿದರೆ ಸಾಕು, ಕಾಲುವೆ ತುಂಬ ನೀರು ಹರಿಯುತ್ತದೆ. ಹರಿಯುವ ಬಲ ಕೆರೆಯದು. ಎಷ್ಟು ಹರಿಯಬೇಕು ಅನ್ನೋದು ಮಾತ್ರ ಅವನ ಕೈಯಲ್ಲಿ. ಟ್ರಾನ್ಸಿಸ್ಟರ್ ಮಾಡೋದೂ ಇದನ್ನೇ. ಬ್ಯಾಟರಿಯೇ ಕೆರೆ, ಏರಿಯಲ್‌ನಿಂದ ಬಂದ ಸಿಗ್ನಲ್ಲೇ ನೀರುಗಂಟಿ.

ಹೆಸರಿಟ್ಟದ್ದು ಅದೇ ಲ್ಯಾಬಿನ ಜಾನ್ ಪಿಯರ್ಸ್, 1948ರಲ್ಲಿ. ಆಗಲೇ ಬಳಕೆಯಲ್ಲಿದ್ದ ಥರ್ಮಿಸ್ಟರ್, ವ್ಯಾರಿಸ್ಟರ್ ಅನ್ನೋ ಬೇರೆ ಬಿಡಿಭಾಗಗಳ ಹೆಸರುಗಳಿಗೆ ಜೋಡಿಯಾಗುವ ಹಾಗೆ ಟ್ರಾನ್ಸಿಸ್ಟರ್ ಅಂದರು. ಬಾರ್ಡೀನ್, ಬ್ರಾಟೇನ್ ಜೊತೆಗೆ ಇದನ್ನು ಇನ್ನಷ್ಟು ಗಟ್ಟಿಯಾದ ರೂಪಕ್ಕೆ ತಂದ ವಿಲಿಯಂ ಶಾಕ್ಲಿಗೂ 1956ರಲ್ಲಿ ನೊಬೆಲ್ ಬಂತು.

ಇನ್ನು ಪೆಟ್ಟಿಗೆಯ ವಿಷಯ. 1954ರಲ್ಲಿ ಅಮೆರಿಕದಲ್ಲಿ ರೀಜೆನ್ಸಿ ಟಿಆರ್-1 ಎಂಬ ಪುಟ್ಟ ರೇಡಿಯೋ ಮಾರುಕಟ್ಟೆಗೆ ಬಂತು. ಒಳಗೆ ಇದ್ದದ್ದು ನಾಲ್ಕೇ ಟ್ರಾನ್ಸಿಸ್ಟರ್. ಬೆಲೆ 49.95 ಡಾಲರ್, ಆ ಕಾಲಕ್ಕೆ ಜಾಸ್ತಿಯೇ. ಮರುವರ್ಷ ಜಪಾನಿನಿಂದ ಸೋನಿ ರೇಡಿಯೋ ಬಂತು. ಕಂಪನಿಗಳು ‘6 ಟ್ರಾನ್ಸಿಸ್ಟರ್’, ‘8 ಟ್ರಾನ್ಸಿಸ್ಟರ್’ ಅಂತ ಪೆಟ್ಟಿಗೆಯ ಮುಂಭಾಗದಲ್ಲೇ ಹೆಮ್ಮೆಯಿಂದ ಅಚ್ಚು ಹಾಕಿದವು. ಜನ ‘ಟ್ರಾನ್ಸಿಸ್ಟರ್ ರೇಡಿಯೋ’ ಅಂದರು. ಬರಬರುತ್ತಾ ‘ರೇಡಿಯೋ’ ಉದುರಿಹೋಯಿತು. ಅಮೆರಿಕದಲ್ಲೂ ಹೀಗೇ ಆಯ್ತು, ನಮ್ಮಲ್ಲೂ.

ನನ್ನನ್ನು ಕೇಳಿದರೆ ಆ ಹೆಸರು ಉಳಿದದ್ದು ನ್ಯಾಯವೇ. ನಮ್ಮ ಎಷ್ಟೋ ಹಳ್ಳಿಗಳಿಗೆ ಕರೆಂಟ್ ಕಂಬಕ್ಕಿಂತ ಮೊದಲು ಬಂದದ್ದು ಈ ಪೆಟ್ಟಿಗೆ. ಟಾರ್ಚಿಗೆ ಹಾಕುವ ಸೆಲ್ಲೇ ಇದಕ್ಕೂ ಸಾಕು. ಸೆಲ್ ಸೋತರೆ ಬಿಸಿಲಿಗಿಟ್ಟು ಇನ್ನೊಂದು ದಿನ ಓಡಿಸುತ್ತಿದ್ದರು. ನಮ್ಮಜ್ಜ ಅದನ್ನು ಚರ್ಮದ ಕವರ್ ಸಮೇತ ಹೆಗಲಿಗೆ ಹಾಕಿಕೊಂಡೇ ಹೊಲಕ್ಕೆ ಹೋಗುತ್ತಿದ್ದರು. ಸಂಜೆ ಅದು ಕೊಟ್ಟಿಗೆಯ ಗೂಟಕ್ಕೆ ಬರುತ್ತಿತ್ತು. ಅಜ್ಜಿ ಹಾಲು ಕರೆಯುತ್ತಾ ಚಿತ್ರಗೀತೆ ಕೇಳುತ್ತಿದ್ದರು. ವಾಲ್ವ್ ರೇಡಿಯೋ ಕೊಟ್ಟಿಗೆಗೆ ಬರುವುದು ಸಾಧ್ಯವಿತ್ತೇ?

ತಾತನ ಹಳೆಯ ಸೆಟ್ ಇನ್ನೂ ಮನೆಯಲ್ಲಿದ್ದರೆ, ಅವರನ್ನು ಕೇಳಿ, ಸೆಲ್ ತೆಗೆದಿಟ್ಟು ಹಿಂಬದಿಯ ಮುಚ್ಚಳ ಬಿಚ್ಚಿ ನೋಡಿ. ಮೂರು ಕಾಲಿನ, ಪುಟ್ಟ ಟೋಪಿಯಂಥ ಲೋಹದ ಡಬ್ಬಿಗಳು ಕಾಣಬಹುದು. ಅವೇ ಮೇಷ್ಟ್ರು ಹೇಳಿದ ಟ್ರಾನ್ಸಿಸ್ಟರ್‌ಗಳು. ಮುಂದೆ ಸಂಖ್ಯೆ ಅಚ್ಚಾಗಿದ್ದರೆ ತಾತನ ಜೊತೆ ಕೂತು ಎಣಿಸಿ, ತಾಳೆ ನೋಡಿ.