ಒಂದು ಪುಟಕ್ಕೆ ನಾಲ್ಕು ಸೆಕೆಂಡೂ ಬೇಡ

ಜಪಾನಿನಲ್ಲಿ 320 ಪುಟದ ಒಂದು ಮಾಂಗಾ ಪತ್ರಿಕೆ ಓದಿ ಮುಗಿಸಲು ಎಷ್ಟು ಹೊತ್ತು ಬೇಕು? ಇಪ್ಪತ್ತು ನಿಮಿಷ ಸಾಕು ಅಂತ ಅಲ್ಲಿನ ದೊಡ್ಡ ಪ್ರಕಾಶನ ಸಂಸ್ಥೆ ಕೊಡಾನ್ಶಾದ ಸಂಪಾದಕರೊಬ್ಬರು ಹೇಳಿದ್ದರು. 1983ರಲ್ಲಿ ಈ ಮಾತನ್ನು ಹೊರಜಗತ್ತಿಗೆ ತಿಳಿಸಿದವರು ಅಮೆರಿಕದ ಲೇಖಕ ಫ್ರೆಡರಿಕ್ ಶಾಟ್. ಭಾಗಿಸಿ ನೋಡಿ, ಪುಟಕ್ಕೆ 3.75 ಸೆಕೆಂಡ್. ಇಷ್ಟು ಬೇಗ ಓದಿದರೆ ಏನು ತಲೆಗೆ ಹೋಗುತ್ತೆ ಅನ್ನಿಸುತ್ತೆ ಅಲ್ವಾ? ಆದರೆ ಮಾಂಗಾ, ಅಂದರೆ ಜಪಾನಿನ ಕಾಮಿಕ್ಸ್, ಜಗತ್ತನ್ನೆಲ್ಲ ಹಿಡಿದಿದ್ದು ಹೇಗೆ ಅನ್ನುವುದರ ಸುಳಿವು ಈ ವೇಗದಲ್ಲೇ ಇದೆ ಅಂತ ನನಗೆ ಅನ್ನಿಸುತ್ತದೆ.

ನಮ್ಮ ಕಣ್ಣು ಪುಟದ ಮೇಲೆ ನುಣ್ಣಗೆ ಜಾರಿಕೊಂಡು ಹೋಗುವುದಿಲ್ಲ. ಜಿಗಿಯುತ್ತದೆ, ನಿಲ್ಲುತ್ತದೆ, ಮತ್ತೆ ಜಿಗಿಯುತ್ತದೆ. ಸೆಕೆಂಡಿಗೆ ಮೂರೋ ನಾಲ್ಕೋ ನಿಲುಗಡೆ. ನಿಂತಾಗಲೂ ತೀರಾ ಸ್ಪಷ್ಟವಾಗಿ ಕಾಣುವ ಜಾಗ ಚಿಕ್ಕದು: ಕೈ ಚಾಚಿ ಹೆಬ್ಬೆರಳು ಹಿಡಿದರೆ ಅದರ ಅಗಲದಷ್ಟು. ಹಾಗಾದರೆ 3.75 ಸೆಕೆಂಡಿನಲ್ಲಿ ಹನ್ನೊಂದರಿಂದ ಹದಿನೈದು ನಿಲುಗಡೆ ಸಿಗುತ್ತವೆ. ಪುಟದಲ್ಲಿ ಚಿತ್ರದ ಐದಾರು ಚೌಕ ಇದ್ದರೆ ಒಂದೊಂದಕ್ಕೆ ಎರಡೋ ಮೂರೋ. ಕಲಾವಿದನ ಕೈಯಲ್ಲಿ ಇರುವುದು ಇಷ್ಟೇ.

ಮಾಂಗಾ ಕಲಾವಿದರು ಇದನ್ನು ಬಹಳ ಜಾಣತನದಿಂದ ಖರ್ಚು ಮಾಡುತ್ತಾರೆ. ಚಿತ್ರಕಥೆಗಳ ವ್ಯಾಕರಣವನ್ನೇ ಅಧ್ಯಯನ ಮಾಡುವ ವಿಜ್ಞಾನಿ ನೀಲ್ ಕೋನ್ ಅಮೆರಿಕದ ಮತ್ತು ಜಪಾನಿನ ಕಾಮಿಕ್ಸ್‌ಗಳನ್ನು ಚೌಕ ಚೌಕವಾಗಿ ಹೋಲಿಸಿ ನೋಡಿದರು. ಅಮೆರಿಕದವರು ಇಡೀ ದೃಶ್ಯವನ್ನು, ನಾಲ್ಕು ಜನರನ್ನು ಸೇರಿಸಿ, ಒಂದೇ ಚೌಕದಲ್ಲಿ ತುಂಬುವುದು ಜಾಸ್ತಿ. ಜಪಾನಿನವರು ಒಂದು ಚೌಕಕ್ಕೆ ಒಬ್ಬರನ್ನೇ ಇಡುವುದು ಜಾಸ್ತಿ. ಕೆಲವೊಮ್ಮೆ ಒಂದು ಕಣ್ಣು, ಒಂದು ಕೈ, ಬಾಗಿಲ ಹಿಡಿ, ಅಷ್ಟೇ. ಎಲ್ಲಿ ನೋಡಬೇಕು ಅಂತ ಕಣ್ಣು ಹುಡುಕಬೇಕಾಗಿಲ್ಲ.

ಇನ್ನು ಆ ದೊಡ್ಡ ದೊಡ್ಡ ಕಣ್ಣುಗಳು. ಇದಕ್ಕೆ ಎಲ್ಲರೂ ಕೊಡುವ ವಿವರಣೆ ಪ್ರಾಣಿಗಳ ನಡವಳಿಕೆ ಅಧ್ಯಯನ ಮಾಡಿದ ವಿಜ್ಞಾನಿ ಕೊನ್ರಾಡ್ ಲೊರೆನ್ಸ್ 1943ರಲ್ಲಿ ಹೇಳಿದ್ದು: ದೊಡ್ಡ ತಲೆ, ದೊಡ್ಡ ಕಣ್ಣು, ಉಬ್ಬಿದ ಕೆನ್ನೆ ಕಂಡರೆ ನಮಗೆ ಮಗುವಿನ ನೆನಪಾಗಿ ಮುದ್ದು ಬರುತ್ತದೆ. ಸರಿ, ಆದರೆ ಮಾಂಗಾದಲ್ಲಿ ಕೊಲೆಗಾರರಿಗೂ ಅಂಥ ಕಣ್ಣಿರುತ್ತದಲ್ಲ! ಭಾವನೆ ಬೇಗ ತಿಳಿಯಲಿ ಅನ್ನುವುದೇ ಹೆಚ್ಚು ಒಪ್ಪುವ ಕಾರಣ. ಮನೋವಿಜ್ಞಾನಿ ಮಸಾಕಿ ಯೂಕಿ ಮತ್ತು ಸಂಗಡಿಗರು 2007ರಲ್ಲಿ ತೋರಿಸಿದಂತೆ, ಮುಖದ ಭಾವ ಗುರುತಿಸುವಾಗ ಜಪಾನಿನವರು ಕಣ್ಣನ್ನು ಹೆಚ್ಚು ನಂಬುತ್ತಾರೆ, ಅಮೆರಿಕನ್ನರು ಬಾಯಿಯನ್ನು. ಈ ಶೈಲಿಯನ್ನು ಬೆಳೆಸಿದವರಲ್ಲಿ ದೊಡ್ಡ ಹೆಸರು ಒಸಾಮು ತೆಜುಕಾ ಅವರದು. ಒಸಾಕಾದಲ್ಲಿ ಡಾಕ್ಟರಿಕೆ ಓದಿದವರು. ಡಿಸ್ನಿ ಕಾರ್ಟೂನುಗಳ ಹುಚ್ಚು ಬೇರೆ. ಅವರು ಬೆಳೆದದ್ದು ತಕಾರಜುಕಾ ಊರಿನಲ್ಲಿ. ಅಲ್ಲಿನ ಹೆಂಗಸರೇ ನಟಿಸುವ ನಾಟಕ ತಂಡದ ದೀಪದ ಬೆಳಕು, ಕಣ್ಣಿನ ದಟ್ಟ ಬಣ್ಣಗಾರಿಕೆ ಅವರ ಚಿತ್ರಗಳಿಗೂ ಇಳಿದು ಬಂತು.

ಓಡುವ ಹುಡುಗನ ಹಿಂದೆ ಎಳೆದ ಉದ್ದನೆ ಗೆರೆಗಳನ್ನು ನೋಡಿದ್ದೀರಿ. ಸುಮ್ನೆ ಒಂದು ರೂಢಿ ಅಂದುಕೊಂಡಿದ್ದೆವು. 1999ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ವಿಲ್ಸನ್ ಗೈಸ್ಲರ್ ಬೇರೆಯೇ ಮಾತು ಹೇಳಿದರು. ವೇಗವಾಗಿ ಹೋಗುವ ವಸ್ತು ನಮ್ಮ ಕಣ್ಣಿನಲ್ಲಿ ಕ್ಷಣಕಾಲ ಒಂದು ಗೀರು ಬಿಟ್ಟು ಹೋಗುತ್ತದೆ. ಅದು ಯಾವ ಕಡೆಗೆ ಹೋಯಿತು ಅಂತ ತಿಳಿಯಲು ಮಿದುಳು ಆ ಗೀರನ್ನೂ ಬಳಸಿಕೊಳ್ಳುತ್ತದೆ. ಕಲಾವಿದರು ಗೊತ್ತಿಲ್ಲದೆಯೇ ಮಿದುಳಿನ ಗುಟ್ಟೊಂದನ್ನು ಹಿಡಿದಿದ್ದರು. ಮಾಂಗಾ ಒಂದು ಹೆಜ್ಜೆ ಮುಂದೆ ಹೋಯಿತು. ಹುಡುಗನನ್ನು ಸ್ಪಷ್ಟವಾಗಿ ಬರೆದು, ಹಿನ್ನೆಲೆಯನ್ನು ಗೀರುಗಳಾಗಿ ಮಾಡಿತು. ಈಗ ಅವನು ಓಡುವುದನ್ನು ನಾವು ಪಕ್ಕದಲ್ಲಿ ನಿಂತು ನೋಡುತ್ತಿಲ್ಲ, ಅವನ ಜೊತೆಗೇ ಓಡುತ್ತಿದ್ದೇವೆ.

ಹಾಗಂತ ಚಿತ್ರ ಯಾರಿಗಾದರೂ ಅರ್ಥವಾಗುತ್ತೆ, ಅದಕ್ಕೇ ಮಾಂಗಾ ಗೆದ್ದಿತು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ನಿದ್ದೆ ಹೋದವನ ಮೂಗಿನಲ್ಲಿ ಒಂದು ಗುಳ್ಳೆ. ಸಿಟ್ಟು ಬಂದವನ ಹಣೆಯಲ್ಲಿ ಅಡ್ಡಾದಿಡ್ಡಿ ಉಬ್ಬಿದ ನರ. ಮುಜುಗರಕ್ಕೆ ಕೆನ್ನೆ ಪಕ್ಕ ದಪ್ಪನೆ ಬೆವರ ಹನಿ. ಇವು ಕಲಿತರೆ ಮಾತ್ರ ತಿಳಿಯುತ್ತವೆ. ಚೌಕಗಳ ಕ್ರಮವೂ ಅಷ್ಟೇ. ಕೋನ್ ಮತ್ತು ಸಂಗಡಿಗರು ಓದುಗರ ತಲೆಗೆ ಎಲೆಕ್ಟ್ರೋಡ್ ಅಂಟಿಸಿ, ಒಂದು ಕಾಮಿಕ್ಸ್‌ನ ಚೌಕಗಳನ್ನು ಕಲಸಿ ತೋರಿಸಿದರು. ವಾಕ್ಯದಲ್ಲಿ ಸಲ್ಲದ ಪದ ಬಂದಾಗ ಮಿದುಳಿನಲ್ಲಿ ಏಳುವ ವಿದ್ಯುತ್ ಅಲೆಯೇ ಇಲ್ಲೂ ಜೋರಾಗಿ ಎದ್ದಿತು. ಅಂದರೆ ಇದೂ ಒಂಥರಾ ಭಾಷೆಯೇ.

ಭಾಷೆ ಅಂದಮೇಲೆ ಯಾರೋ ಕಲಿಸಿರಬೇಕು. ಕಲಿಸಿದ್ದು ಟಿವಿ. ತೆಜುಕಾ ಅವರ ರೋಬಾಟ್ ಹುಡುಗ 1963ರ ಜನವರಿ 1ರಂದು ಜಪಾನಿನ ಟಿವಿಗೆ ಬಂದ. ಅದೇ ವರ್ಷ ಅಮೆರಿಕಕ್ಕೂ ಹೋದ. 1978ರಲ್ಲಿ ಫ್ರಾನ್ಸಿನ ಮಕ್ಕಳು ಜಪಾನಿನ ದೈತ್ಯ ರೋಬಾಟ್ ಒಂದಕ್ಕೆ ಮರುಳಾದರು. ಬೆವರ ಹನಿಯ ಅರ್ಥ ಟಿವಿಯಲ್ಲೇ ಕಲಿತ ಈ ಪೀಳಿಗೆ ದೊಡ್ಡದಾಗಿ ಪುಸ್ತಕದಂಗಡಿಗೆ ಬಂದಾಗ ಮಾಂಗಾ ಅದಕ್ಕೆ ಹೊಸದಾಗಿರಲಿಲ್ಲ. ನಾವೂ ಒಂದಿಷ್ಟು ಕಲಿತಿದ್ದೇವೆ. 1999ರಲ್ಲಿ ಡೊಕೊಮೊ ಫೋನುಗಳಿಗೆ 176 ಎಮೋಜಿ ಮಾಡಿಕೊಟ್ಟ ಶಿಗೆತಾಕಾ ಕುರಿತಾ, ಮಾಂಗಾದ ಚಿಹ್ನೆಗಳಿಂದಲೂ ಸ್ಫೂರ್ತಿ ಪಡೆದಿದ್ದರು. ಆ ಸಿಟ್ಟಿನ ನರ ನಿಮ್ಮ ವಾಟ್ಸ್ಯಾಪ್ ಕೀಬೋರ್ಡಿನಲ್ಲೂ ಇದೆ, ಹುಡುಕಿ ನೋಡಿ.

ಆದರೆ ಪುಟಕ್ಕೆ ಐದೇ ಚೌಕ, ಚೌಕಕ್ಕೆ ಒಂದೇ ಮುಖ ಅಂದರೆ ಕಾಗದ ಬೇಕಲ್ಲ? ಅದಕ್ಕೇ ಅಗ್ಗದ ಕಾಗದ, ಕಪ್ಪು ಬಿಳುಪು ಅಚ್ಚು. ಒಂದು ಕಥೆಗೆ ವಾರಕ್ಕೆ ಇಪ್ಪತ್ತರ ಆಸುಪಾಸು ಪುಟ ಸಿಗುತ್ತದೆ. ಒಂದು ನೋಟಕ್ಕೆ ಇಡೀ ಪುಟ ಕೊಟ್ಟರೂ ಯಾರೂ ಬೈಯುವುದಿಲ್ಲ. 1968ರಲ್ಲಿ ಶುರುವಾದ ಶೋನೆನ್ ಜಂಪ್ ಎಂಬ ಮಾಂಗಾ ವಾರಪತ್ರಿಕೆ 1994ರ ಕೊನೆಯಲ್ಲಿ ಒಂದೇ ಸಂಚಿಕೆಗೆ 65 ಲಕ್ಷಕ್ಕೂ ಹೆಚ್ಚು ಪ್ರತಿ ಅಚ್ಚು ಹಾಕಿತ್ತು. ಅದರೊಳಗೆ ಒಂದು ಅಂಚೆ ಕಾರ್ಡ್: ಈ ವಾರ ಯಾವ ಕಥೆ ಇಷ್ಟವಾಯಿತು, ಬರೆದು ಕಳಿಸಿ. ಕೆಳಗೆ ಬಿದ್ದ ಕಥೆಗೆ ಕೆಲವೇ ತಿಂಗಳಲ್ಲಿ ಮಂಗಳ ಹಾಡುತ್ತಾರೆ. ಕಲಾವಿದರ ಪಾಲಿಗೆ ಇದು ಕ್ರೂರ ಪದ್ಧತಿ, ನಿದ್ದೆಗೆಟ್ಟು ಆರೋಗ್ಯ ಕಳೆದುಕೊಂಡವರಿದ್ದಾರೆ. ಹೊರದೇಶಕ್ಕೆ ಹೋಗುವ ಕಥೆ ಮಾತ್ರ ಮೊದಲೇ ಲಕ್ಷಾಂತರ ಮಕ್ಕಳ ಜರಡಿಯಲ್ಲಿ ಉಳಿದುಕೊಂಡದ್ದು.

ಮೊದಮೊದಲು ಅಮೆರಿಕದ ಪ್ರಕಾಶಕರು ಬಲದಿಂದ ಎಡಕ್ಕೆ ಓದುವ ಪುಟಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸುತ್ತಿದ್ದರು. ಕತ್ತಿ ಹಿಡಿದ ಸಮುರಾಯ್‌ಗಳೆಲ್ಲ ಎಡಚರಾದರು! 2002ರಲ್ಲಿ ಟೋಕಿಯೊಪಾಪ್ ಸಂಸ್ಥೆ ಹಾಗೆ ತಿರುಗಿಸುವುದನ್ನು ಬಿಟ್ಟಿತು. ಅದರಿಂದ ಖರ್ಚೂ ಉಳಿಯಿತು. ಓದುಗರು ಹಿಂದಿನಿಂದ ಮುಂದಕ್ಕೆ ಓದುವುದನ್ನು ಬೇಗ ರೂಢಿ ಮಾಡಿಕೊಂಡರು.

ಈಗ ಓದು ಫೋನಿಗೆ ಬಂದಿದೆ. ಶೋನೆನ್ ಜಂಪ್‌ನ ಪ್ರಕಾಶಕರಾದ ಶುಯೇಶಾ 2019ರಲ್ಲಿ ಬಿಟ್ಟ ಮಾಂಗಾ ಪ್ಲಸ್ ಆ್ಯಪ್‌ನಲ್ಲಿ ಹೊಸ ಕಂತು ಜಪಾನಿನ ಜೊತೆಜೊತೆಗೇ ಇಂಗ್ಲಿಷಿನಲ್ಲೂ ಸಿಗುತ್ತದೆ. ತೊಂದರೆ ಏನೆಂದರೆ ಇಡೀ ಪುಟ ಅಂಗೈಯಷ್ಟಾದಾಗ ಮಾತಿನ ಗುಳ್ಳೆ ಓದಲು ಹಿಗ್ಗಿಸಬೇಕು, ಹಿಗ್ಗಿಸಿದರೆ ಪುಟದ ಜೋಡಣೆ ಕಾಣುವುದಿಲ್ಲ. ಕೊರಿಯಾದ ವೆಬ್‌ಟೂನುಗಳು ಪುಟವನ್ನೇ ಕೈಬಿಟ್ಟು, ಮೇಲಿಂದ ಕೆಳಗೆ ಒಂದೇ ಉದ್ದನೆ ಪಟ್ಟಿಯಾಗಿ ಕಥೆ ಹೇಳುತ್ತವೆ. ಎರಡು ಚಿತ್ರಗಳ ನಡುವೆ ಬಿಟ್ಟ ಖಾಲಿ ಜಾಗವೇ ಅಲ್ಲಿ ಕಾಲದ ಅಳತೆ. ಎಡಪುಟದ ಕೊನೆ ಚೌಕದಲ್ಲಿ ಬಾಗಿಲು ತೆರೆದು, ಹಾಳೆ ಮಗುಚಿದ ಮೇಲೆ ಒಳಗೆ ಯಾರಿದ್ದಾರೆ ಅಂತ ತೋರಿಸುವ ಮಾಂಗಾದ ಹಳೆ ಆಟ ಅಲ್ಲಿ ನಡೆಯುವುದಿಲ್ಲ. ಜಪಾನಿನ ಪ್ರಕಾಶಕರೂ ಈಗ ಅಂಥ ಉದ್ದನೆ ಪಟ್ಟಿಯ ಕಥೆಗಳನ್ನು ಬರೆಸುತ್ತಿದ್ದಾರೆ.