ರಕ್ತ ಕೊಡಲು ಹೋದವರನ್ನು ವಾಪಸ್ ಕಳಿಸುವುದೇಕೆ?

ರಕ್ತ ಕೊಡೋಣ ಅಂತ ಕ್ಯಾಂಪಿಗೆ ಹೋದವರಲ್ಲಿ ಕೆಲವರು ಮುಖ ಸಣ್ಣದು ಮಾಡಿಕೊಂಡು ವಾಪಸ್ ಬರುತ್ತಾರೆ. ‘ಹಿಮೋಗ್ಲೋಬಿನ್ ಸಾಲದಂತೆ’, ‘ಹಚ್ಚೆ ಹಾಕಿಸಿ ಇನ್ನೂ ವರ್ಷ ಆಗಿಲ್ವಲ್ಲ, ಅದಕ್ಕೆ ಬೇಡವಂತೆ’. ಜೊತೆಗೆ ಹೋದ ಗೆಳೆಯರು ಜ್ಯೂಸ್ ಕುಡಿಯುತ್ತಾ ಸರ್ಟಿಫಿಕೇಟ್ ಹಿಡಿದು ಫೋಟೊ ತೆಗೆಸಿಕೊಳ್ಳುತ್ತಿರುವಾಗ ಬೇಜಾರಾಗೋದು ಸಹಜವೇ. ಆದರೆ ನನ್ನ ಪ್ರಕಾರ ರಕ್ತದಾನದ ಅಸಲಿ ಕೆಲಸ ನಡೆಯುವುದು ಸೂಜಿ ಚುಚ್ಚುವುದಕ್ಕೆ ಮುಂಚೆ, ಆ ಫಾರಂ ಮತ್ತು ತಪಾಸಣೆಯ ಹೊತ್ತಿನಲ್ಲಿ.

ಮೊದಲು ಬೆರಳಿನ ತುದಿಗೆ ಚುಚ್ಚಿ ಒಂದು ತೊಟ್ಟು ರಕ್ತ ತೆಗೆಯುತ್ತಾರೆ. ಈಗ ಹಲವು ಕಡೆ ಅದನ್ನು ಪುಟ್ಟ ಮೀಟರಿಗೆ ಹಾಕಿ ಅಂಕಿ ನೋಡುತ್ತಾರೆ. ಹಳೆಯ ಪದ್ಧತಿಯಲ್ಲಾದರೆ ತೊಟ್ಟು ಬೀಳುವುದು ನೀಲಿ ನೀರಿಗೆ. ಆ ನೀಲಿ ಮೈಲುತುತ್ತಿನದು, ಅಂದರೆ ತಾಮ್ರದ ಸಲ್ಫೇಟಿನದು. ಮಲೆನಾಡಿನವರಿಗೆ ಇದನ್ನು ಪರಿಚಯ ಮಾಡಿಕೊಡಬೇಕಾಗಿಲ್ಲ, ಮಳೆಗಾಲದಲ್ಲಿ ಕೊಳೆರೋಗ ಬಾರದಿರಲಿ ಅಂತ ಸುಣ್ಣದ ಜೊತೆ ಸೇರಿಸಿ ಅಡಿಕೆ ಗೊನೆಗೆ ಹೊಡೆಯುತ್ತಾರಲ್ಲ, ಅದೇ. ಇಲ್ಲಿ ಅದರ ದ್ರಾವಣವನ್ನು ನೀರಿನ 1.053 ಪಟ್ಟು ಸಾಂದ್ರತೆ ಬರುವ ಹಾಗೆ ಅಳೆದು ಮಾಡಿರುತ್ತಾರೆ. ರಕ್ತದ ತೊಟ್ಟು ಒಳಗೆ ಇಳಿದ ಕೂಡಲೇ ತಾಮ್ರವೂ ರಕ್ತದ ಪ್ರೋಟೀನೂ ಸೇರಿ ಅದರ ಸುತ್ತ ತೆಳ್ಳನೆಯ ಪೊರೆ ಕಟ್ಟುತ್ತದೆ. ಹಾಗಾಗಿ ತೊಟ್ಟು ಕದಡಿ ಹೋಗುವುದಿಲ್ಲ, ಸುಮಾರು 15 ಸೆಕೆಂಡು ಕೆಂಪು ಮಣಿಯಾಗಿ ಉಳಿಯುತ್ತದೆ. ಹಿಮೋಗ್ಲೋಬಿನ್ ಹೆಚ್ಚಿದ್ದಷ್ಟೂ ತೊಟ್ಟು ಭಾರ, ಅಷ್ಟರಲ್ಲಿ ತಳಕ್ಕೆ ಮುಳುಗಿದರೆ ನೀವು ಪಾಸ್. ತೇಲಿತೋ, 100 ಮಿಲಿ ರಕ್ತದಲ್ಲಿ ಹಿಮೋಗ್ಲೋಬಿನ್ 12.5 ಗ್ರಾಂಗಿಂತ ಕಡಿಮೆ ಅಂತ ಲೆಕ್ಕ. ಅಂಕಿ ಗೊತ್ತಾಗುವುದಿಲ್ಲ, ಹೌದು ಅಥವಾ ಇಲ್ಲ ಅಷ್ಟೇ. ಒಮ್ಮೊಮ್ಮೆ ಇದು ತಪ್ಪುವುದೂ ಉಂಟು. ಅನುಮಾನ ಬಂದರೆ ಮೀಟರಿನಲ್ಲಿ ನೋಡಿ ಅಂತ ಕೇಳಿ, ತಪ್ಪೇನಿಲ್ಲ.

ನಮ್ಮ ದೇಶದಲ್ಲಿ ಈ 12.5 ಗ್ರಾಂ ಗಂಡಸರಿಗೂ ಹೆಂಗಸರಿಗೂ ಒಂದೇ. ತಮಾಷೆ ಏನೆಂದರೆ, ಗರ್ಭಿಣಿಯಲ್ಲದ ಹೆಂಗಸಿಗೆ 12 ಇದ್ದರೆ ರಕ್ತಹೀನತೆ ಇಲ್ಲ ಅಂತಲೇ ವೈದ್ಯರು ಹೇಳುತ್ತಾರೆ. ಅಂದರೆ 12.2 ಇರುವವರು ಪೂರ್ತಿ ಆರೋಗ್ಯವಾಗಿದ್ದೂ ವಾಪಸ್ ಬರಬೇಕಾಗುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಕ್ಯಾಂಪಿನಿಂದ ಬರಿಗೈಲಿ ಬಂದವರಲ್ಲಿ ಹೆಂಗಸರೇ ಜಾಸ್ತಿ ಯಾಕೆ ಅಂತ ಬೇರೆ ಹೇಳಬೇಕಿಲ್ಲ.

ಇಷ್ಟು ಬಿಗಿ ಯಾಕೆ? ಕಬ್ಬಿಣದ ಕಾರಣಕ್ಕೆ, ಹಿಮೋಗ್ಲೋಬಿನ್ ತಯಾರಾಗಲು ಅದು ಬೇಕೇ ಬೇಕು. ಕೊಟ್ಟ ರಕ್ತದ ನೀರಿನ ಭಾಗ ಒಂದೆರಡು ದಿನದಲ್ಲಿ ತುಂಬಿಕೊಳ್ಳುತ್ತದೆ. ಕೆಂಪು ಕಣಗಳು ಮರಳಲು ಒಂದೆರಡು ತಿಂಗಳು ಬೇಕು. ಆದರೆ 450 ಮಿಲಿ ರಕ್ತದ ಜೊತೆ 200 ಮಿಲಿಗ್ರಾಂಗೂ ಹೆಚ್ಚು ಕಬ್ಬಿಣ ಹೊರಗೆ ಹೋಗಿರುತ್ತದೆ, ಅದನ್ನು ಊಟದಿಂದಲೇ ಚೂರು ಚೂರು ಕೂಡಿಸಬೇಕು. ಗಂಡಸರು 90 ದಿನ, ಹೆಂಗಸರು 120 ದಿನ ಬಿಟ್ಟೇ ಮತ್ತೆ ಕೊಡಬೇಕು ಅನ್ನೋ ನಿಯಮದ ಹಿಂದೆ ಇದೇ ಲೆಕ್ಕ ಇದೆ.

ಹಿಂದಿನ ರಾತ್ರಿ ಬೀಟ್‌ರೂಟ್ ಜ್ಯೂಸ್ ಕುಡಿದು ಹೋಗುವವರಿದ್ದಾರೆ. ಅದರಲ್ಲಿರುವ ಕೆಂಪು ಬರೀ ಬಣ್ಣ! ಹಿಮೋಗ್ಲೋಬಿನ್ ಒಂದು ರಾತ್ರಿಯಲ್ಲಿ ಏರುವುದಿಲ್ಲ, ವಾರಗಟ್ಟಲೆ ಬೇಕು. ಹುರುಳಿ, ಸೊಪ್ಪು, ಕಾಳು ತಿನ್ನಿ, ಮೇಲೆ ನಿಂಬೆಹಣ್ಣು ಹಿಂಡಿಕೊಳ್ಳಿ, ಹುಳಿ ಕಬ್ಬಿಣ ಹೀರಲು ಸಹಾಯ ಮಾಡುತ್ತದೆ. ಮಾಂಸ ತಿನ್ನುವವರಿಗೆ ಇನ್ನೂ ಸುಲಭ. ಊಟ ಆದ ತಕ್ಷಣ ಕಾಫಿ ಕುಡಿಯುವ ನಮ್ಮ ಚಟವೇ ಇದಕ್ಕೆ ದೊಡ್ಡ ಅಡ್ಡಿ, ಒಂದು ಗಂಟೆ ತಡೆದುಕೊಂಡರೆ ಒಳ್ಳೇದು. ತೀರಾ ಕಡಿಮೆ ಇದ್ದರೆ ಸುಮ್ನೆ ಮನೆಮದ್ದು ಮಾಡುತ್ತಾ ಕೂರಬೇಡಿ, ಡಾಕ್ಟರಿಗೆ ತೋರಿಸಿ.

ಇನ್ನು ತೂಕ. ಕೆಜಿಗೆ ಸುಮಾರು 70 ಮಿಲಿ ರಕ್ತ ಅಂದರೆ 45 ಕೆಜಿಯವರ ಮೈಯಲ್ಲಿ ಮೂರು ಲೀಟರಿಗೆ ಸ್ವಲ್ಪ ಮೇಲೆ. ಅವರಿಂದ 350 ಮಿಲಿ ಮಾತ್ರ ತೆಗೆಯಬಹುದು. 450ರ ಬ್ಯಾಗಿಗೆ 55 ಕೆಜಿ ದಾಟಿರಬೇಕು. ವಯಸ್ಸು 18ರಿಂದ 65, ಆದರೆ ಮೊದಲ ಸಲ ಕೊಡುವವರು 60 ದಾಟಿರಬಾರದು.

ಫಾರಂ ತುಂಬುವಾಗ ಮಾತ್ರ ದಯವಿಟ್ಟು ಸುಳ್ಳು ಹೇಳಬೇಡಿ. ನಾಯಿ ಕಚ್ಚಿ ರೇಬೀಸ್ ಚುಚ್ಚುಮದ್ದು ತೆಗೆದುಕೊಂಡಿದ್ದರೆ ಒಂದು ವರ್ಷ ಕೊಡುವ ಹಾಗಿಲ್ಲ, ಹಚ್ಚೆಗೂ ಒಂದು ವರ್ಷ, ಮಲೇರಿಯಾ ವಾಸಿಯಾಗಿ ಮೂರು ತಿಂಗಳು. ಮುಟ್ಟಿನ ದಿನಗಳಲ್ಲಿ, ಎದೆಹಾಲು ಉಣಿಸುವ ಕಾಲದಲ್ಲಿ ಬೇಡ. ‘ಹೇಗೂ ಟೆಸ್ಟ್ ಮಾಡ್ತಾರಲ್ವಾ’ ಅನ್ನಬೇಡಿ. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾ, ಈ ಐದಕ್ಕೆ ಕಡ್ಡಾಯವಾಗಿ ಪರೀಕ್ಷೆ ಮಾಡುತ್ತಾರೆ, ನಿಜ. ಆದರೆ ಸೋಂಕು ತಗುಲಿದ ಹೊಸತರಲ್ಲಿ ಯಾವ ಪರೀಕ್ಷೆಗೂ ಸಿಗದ ಒಂದು ಅವಧಿ ಇರುತ್ತದೆ. ಅಷ್ಟು ದಿನ ರೋಗಿಯನ್ನು ಕಾಪಾಡುವುದು ನಿಮ್ಮ ಮಾತು ಮಾತ್ರ. ಗೆಳೆಯರ ಎದುರು ಹೇಳಲು ಸಂಕೋಚ ಆದರೆ ಡಾಕ್ಟರ ಬಳಿ ಒಬ್ಬರೇ ಹೋಗಿ ಹೇಳಿ, ಅಥವಾ ‘ಇವತ್ತು ಹುಷಾರಿಲ್ಲ’ ಅಂತ ಎದ್ದು ಬನ್ನಿ. ಎಚ್‌ಐವಿ ಇದೆಯೋ ಇಲ್ಲವೋ ತಿಳಿಯೋಕೆ ಅಂತಲೇ ರಕ್ತ ಕೊಡುವವರೂ ಇದ್ದಾರೆ. ಅದಕ್ಕೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ, ಗುಟ್ಟಿನ ಪರೀಕ್ಷೆಯೇ ಇದೆ.

ಹೋಗುವ ದಿನ ಉಪವಾಸ ಬೇಡ. ನೈಟ್ ಶಿಫ್ಟ್ ಮುಗಿಸಿ ನೇರ ಬಂದು ರಕ್ತ ಕೊಡುವುದೂ ಬೇಡ. ಕೊಡುವ ಮುಂಚೆ ಅರ್ಧ ಲೀಟರ್ ನೀರು ಕುಡಿದರೆ ತಲೆ ಸುತ್ತುವುದು ಕಡಿಮೆ. ತಲೆ ಸುತ್ತುವವರಲ್ಲಿ ಹೊಸಬರು, ಹೆದರಿದವರು ಹೆಚ್ಚು. ಎದ್ದ ಕೂಡಲೇ ಬೈಕ್ ಏರಬೇಡಿ, ಕಾಲು ಗಂಟೆ ಕೂತಿರಿ.

ನಾಯಕರ ಹುಟ್ಟುಹಬ್ಬಕ್ಕೆ ಒಂದೇ ದಿನ ರಾಶಿ ರಕ್ತ ಸಂಗ್ರಹಿಸುವುದು ನನಗೇನೋ ಅಷ್ಟು ಸರಿ ಕಾಣುವುದಿಲ್ಲ. ಕೆಂಪು ಕಣ ಕೆಡದೆ ಉಳಿಯುವುದು 35ರಿಂದ 42 ದಿನ, ಪ್ಲೇಟ್‌ಲೆಟ್ ಐದೇ ದಿನ. ಕಾಲೇಜಿಗೆ ಬೇಸಿಗೆ ರಜೆ ಬಿಟ್ಟಾಗ ಕ್ಯಾಂಪುಗಳೂ ನಿಲ್ಲುತ್ತವೆ, ಆಗ ಹೋಗಿ ಕೊಟ್ಟರೆ ಹೆಚ್ಚು ಉಪಯೋಗ.

ಇನ್ನೊಂದು ವಿಷಯ. ಬ್ಲಡ್ ಬ್ಯಾಂಕಿನ ಫೋನ್ ನಂಬರ್ ಬರೆದಿಟ್ಟುಕೊಳ್ಳಿ. ರಕ್ತ ಕೊಟ್ಟು ಒಂದೆರಡು ದಿನಕ್ಕೇ ಜ್ವರ ಬಂದರೆ, ಫಾರಂನಲ್ಲಿ ಹೇಳದೆ ಬಿಟ್ಟದ್ದು ಆಮೇಲೆ ನೆನಪಾದರೆ, ತಕ್ಷಣ ಫೋನ್ ಮಾಡಿ ತಿಳಿಸಿ. ನಿಮ್ಮ ರಕ್ತದ ಬ್ಯಾಗಿನ ಮೇಲೆ ಅದರದೇ ನಂಬರ್ ಇರುತ್ತದೆ, ಇನ್ನೂ ಯಾರಿಗೂ ಕೊಟ್ಟಿಲ್ಲದಿದ್ದರೆ ಅದನ್ನು ತೆಗೆದು ಪಕ್ಕಕ್ಕಿಡುತ್ತಾರೆ.